ಓರ್ಕ್‌ಮೂಲ ಮೀಮಾಂಸೆ

ನದಿಮೂಲ, ಋಷಿಮೂಲ ಹುಡುಕಬಾರದೆಂದು ಹಿರಿಯರು ಕಟ್ಟಪ್ಪಣೆ ಮಾಡಿದ್ದಾರೆ. ಓರ್ಕ್‌ಮೂಲದ ಬಗ್ಗೆ ಅವರು ತುಟಿ ಬಿಚ್ಚಿಲ್ಲ. ನಿಷೇಧಿಸದೇ ಬಿಟ್ಟದ್ದೆಲ್ಲ ವಿಹಿತವೆಂದು ತಿಳಿದು ಈ ಗ್ರಂಥಕ್ಕೆ ಕೈಹಾಕಿದ್ದೇವೆ. ವಿಷಯ: ಜೆ.ಆರ್.ಆರ್. ಟೋಲ್ಕೀನರ ಮಿಡ್ಲ್ ಅರ್ಥ್ ಎಂಬ ಲೋಕದಲ್ಲಿ ಸಾಲುಗಟ್ಟಿ ಬಂದು ಸಾಲುಗಟ್ಟಿ ಸಾಯುವ ಓರ್ಕ್ ಎಂಬ ದುಷ್ಟಕುಲ. ಪ್ರಯೋಜನ: ಕಂಡುಬಂದಿಲ್ಲ. ಅಧಿಕಾರಿ: ಸಿನಿಮಾ ನೋಡಿ ಪುಸ್ತಕ ಓದಿದ್ದೇನೆ ಎನ್ನುವವರನ್ನು ಬಿಟ್ಟು ಉಳಿದವರೆಲ್ಲರೂ.

ನಮ್ಮ ಪುರಾಣಿಕರಿಗೆ ಈ ತಲೆನೋವಿರಲಿಲ್ಲ. ಕಶ್ಯಪರಿಗೆ ಅದಿತಿಯಲ್ಲಿ ದೇವತೆಗಳು, ದಿತಿಯಲ್ಲಿ ದೈತ್ಯರು, ದನುವಿನಲ್ಲಿ ದಾನವರು. ಅಪ್ಪ ಒಬ್ಬನೇ, ಉಳಿದದ್ದು ದಾಯಾದಿ ಜಗಳ. ರಾವಣನೂ ಪುಲಸ್ತ್ಯರ ಮೊಮ್ಮಗ. ಬೇಕಾದರೆ ವಂಶಾವಳಿ ಒಪ್ಪಿಸಿಯಾನು. ಓರ್ಕಿಗೆ ಆ ಅನುಕೂಲವಿಲ್ಲ. ಟೋಲ್ಕೀನರು ಆಕ್ಸ್‌ಫರ್ಡಿನ ಪ್ರಾಧ್ಯಾಪಕರು, ಮೇಲಾಗಿ ಕಟ್ಟಾ ಕ್ಯಾಥೊಲಿಕ್. ಕೇಡಿಗೆ ಹೊಸದಾಗಿ ಹುಟ್ಟಿಸುವ ಶಕ್ತಿಯಿಲ್ಲ, ಇದ್ದದ್ದನ್ನು ಕೆಡಿಸಬಲ್ಲದು ಅಷ್ಟೇ ಎಂಬುದು ಅವರ ಲೋಕದ ಕಟ್ಟಳೆ. ಹಾಗಾದರೆ ಯಾವುದು ಕೆಟ್ಟು ಓರ್ಕ್ ಆಯಿತು? ಇಲ್ಲಿ ಪಂಡಿತರ ಜುಟ್ಟು ಬಿಚ್ಚಿಹೋಗಿದೆ.

ಮೊದಲ ಪೂರ್ವಪಕ್ಷ ಕೆಸರುವಾದಿಗಳದ್ದು. ಟೋಲ್ಕೀನರ ಆರಂಭದ ಕಥೆಗಳಲ್ಲಿ ಮೆಲ್ಕೋರನೆಂಬ ಆದಿದುಷ್ಟ ನೆಲದೊಳಗಿನ ಕಾವು ಮತ್ತು ಲೋಳೆಯಿಂದ ಇವರನ್ನು ಮಾಡಿದ. ಪಕ್ಷ ಸರಳ, ಆದರೆ ಕಟ್ಟಳೆಗೆ ವಿರುದ್ಧ. ಔಲೆಯೆಂಬ ದೇವಶಿಲ್ಪಿ ಕುಳ್ಳರನ್ನು ಕಡೆದಾಗ, ಅವನು ನೆನೆದರೆ ಅವರು ಕದಲುತ್ತಿದ್ದರು, ಮರೆತರೆ ಸುಮ್ಮನೆ ನಿಲ್ಲುತ್ತಿದ್ದರು. ಜೀವ ಕೊಟ್ಟದ್ದು ಪರಮಾತ್ಮ ಇಲೂವತಾರ. ಒಳ್ಳೆಯವನ ಕೈಲೇ ಆಗದ್ದು ಮೆಲ್ಕೋರನ ಕೈಲಿ ಆದೀತೇ?

ಎರಡನೆಯದು ಎಲ್ಫ್‌ವಾದ. ಲೇಖಕರು ತೀರಿಕೊಂಡ ನಾಲ್ಕು ವರ್ಷದ ಮೇಲೆ, 1977ರಲ್ಲಿ, ಮಗ ಕ್ರಿಸ್ಟೋಫರ್ ಹೊರತಂದ ‘ದ ಸಿಲ್ಮರಿಲಿಯನ್’ ಇದಕ್ಕೆ ಪ್ರಮಾಣ: ಸೆರೆಸಿಕ್ಕ, ಮುಪ್ಪಿಲ್ಲದ ಸುಂದರ ಕುಲದವರಾದ ಎಲ್ಫ್‌ಗಳನ್ನು ಹಿಂಸಿಸಿ ಹಿಂಸಿಸಿ ಓರ್ಕ್ ಮಾಡಿದರಂತೆ. ಜ್ಞಾನಿಗಳು ಹಾಗೆ ನಂಬುತ್ತಾರೆ ಎಂದಷ್ಟೇ ಅಲ್ಲಿ ಬರೆದಿದೆ; ನಂಬಿದವರನ್ನು ಮುಂದೆ ಬಿಟ್ಟು ಗ್ರಂಥ ಹಿಂದೆ ನಿಂತಿದೆ. ಆಕ್ಷೇಪ ಏನೆಂದರೆ, ಸತ್ತ ಎಲ್ಫ್‌ನ ಚೇತನ ಮಾಂಡೋಸನೆಂಬ ಮೃತ್ಯುದೇವತೆಯ ಮಂಟಪ ಸೇರುತ್ತದೆ. ಓರ್ಕ್ ಕೂಡ ಮೂಲತಃ ಎಲ್ಫ್ ಆದರೆ, ಕೊಂದವನೂ ಕೊಲೆಯಾದವನೂ ಒಂದೇ ಬೆಂಚಿನಲ್ಲಿ ಕೂತು ಕಾಯಬೇಕಾಗುತ್ತದೆ.

ಇದು ಟೋಲ್ಕೀನರನ್ನೂ ಕಾಡಿರಬೇಕು. 1993ರಲ್ಲಿ ಅಚ್ಚಾದ ‘ಮಾರ್ಗೋತ್ಸ್ ರಿಂಗ್’ ಸಂಪುಟದಲ್ಲಿ ಅವರ ಕೊನೆಗಾಲದ ಟಿಪ್ಪಣಿಗಳಿವೆ. ಓರ್ಕ್ ಒಮ್ಮೆ ಮಾತು ಕಲಿತ ಮೃಗ, ಒಮ್ಮೆ ಕೆಟ್ಟ ಮನುಷ್ಯ, ಕೆಲವರಂತೂ ವೇಷ ತೊಟ್ಟ ಕಿರುದೇವತೆಗಳು. ಮನುಷ್ಯವಾದಕ್ಕೆ ಪಂಚಾಂಗದ್ದೇ ಅಡ್ಡಿ: ಮನುಷ್ಯ ಎಚ್ಚೆತ್ತದ್ದು ಸೂರ್ಯ ಮೊದಲ ಸಲ ಹುಟ್ಟಿದಾಗ, ಓರ್ಕುಗಳೋ ಅದಕ್ಕೂ ಮುಂಚೆಯೇ ಯುದ್ಧಕ್ಕೆ ಹಾಜರು. ಪ್ರಾಧ್ಯಾಪಕರು ಎದೆಗುಂದಲಿಲ್ಲ. ಮನುಷ್ಯರ ಹುಟ್ಟನ್ನೇ ಹಿಂದಕ್ಕೆ ತಳ್ಳುವ ಯೋಚನೆಗಿಳಿದರು.

ಇನ್ನು ನಮ್ಮ ಸಿದ್ಧಾಂತ. ಓರ್ಕಿಗೆ ಆತ್ಮವುಂಟು, ಇದು ಪ್ರತಿಜ್ಞೆ. ಗೊಣಗುವುದರಿಂದ, ಇದು ಹೇತು. ಎಲ್ಲೆಲ್ಲಿ ಗೊಣಗಾಟವೋ ಅಲ್ಲಲ್ಲಿ ಆತ್ಮ, ತಾಲ್ಲೂಕು ಕಚೇರಿಯ ಗುಮಾಸ್ತನಲ್ಲಿರುವಂತೆ, ಇದು ದೃಷ್ಟಾಂತ. ಪ್ರಮಾಣ ಬೇಕೇ? ‘ದ ಲಾರ್ಡ್ ಆಫ್ ದ ರಿಂಗ್ಸ್’ ಎರಡನೆಯ ಸಂಪುಟದ ಕೊನೆಯಲ್ಲಿ ಗೋರ್ಬಾಗ್, ಶಾಗ್ರಾಟ್ ಎಂಬ ಇಬ್ಬರು ದಳಪತಿಗಳು ಹರಟುತ್ತಾರೆ. ಮೇಲಿನವರಿಂದಲೂ ತಪ್ಪಾಗುತ್ತದೆ ಎಂದು ಪಿಸುಗುಡುತ್ತಾರೆ. ಯುದ್ಧ ಮುಗಿದ ಮೇಲೆ ನಾಲ್ಕು ನಂಬಿಕಸ್ತ ಹುಡುಗರನ್ನು ಕಟ್ಟಿಕೊಂಡು, ದೊಡ್ಡ ಸಾಹೇಬರ ಕಾಟವಿಲ್ಲದ ಜಾಗದಲ್ಲಿ ಸ್ವಂತ ದರೋಡೆ ನಡೆಸೋಣವೇ ಎನ್ನುತ್ತಾರೆ. ಗೆಳೆಯನನ್ನು ದಾರಿಯಲ್ಲಿ ಬಿಟ್ಟುಹೋಗುವುದು ಎಲ್ಫ್‌ಗಳ ಹೀನಬುದ್ಧಿ ಎಂದು ಗೋರ್ಬಾಗ್ ಮೂಗು ಮುರಿಯುತ್ತಾನೆ. ಸ್ವಲ್ಪ ಹೊತ್ತಿಗೇ, ತಮ್ಮವನೇ ಆದ ಉಫ್ತಾಕ್ ಜೇಡದ ಬಲೆಯಲ್ಲಿ ಜೀವಂತ ನೇತಾಡುತ್ತಿದ್ದುದನ್ನು ಕಂಡೂ ಬಿಟ್ಟುಬಂದ ಕಥೆ ಹೇಳಿ ನಗುತ್ತಾರೆ. ಧರ್ಮಶಾಸ್ತ್ರ ಅವರಿಗೆ ಚೆನ್ನಾಗಿ ಬರುತ್ತದೆ. ಪ್ರಯೋಗ ಮಾತ್ರ ಪರರ ಮೇಲೆ. ಇದು ಕೆಸರಿನ ಗುಣವಲ್ಲ, ಮೃಗದ್ದಂತೂ ಅಲ್ಲವೇ ಅಲ್ಲ.

ಮೂರನೆಯ ಸಂಪುಟದಲ್ಲಿ ಇನ್ನೊಬ್ಬ ಓರ್ಕ್ ಜೊತೆಗಾರನಿಗೆ, ನಿನ್ನ ಹೆಸರೂ ನಂಬರೂ ಮೇಲೆ ಕೊಡುತ್ತೇನೆಂದು ಬೆದರಿಸುತ್ತಾನೆ. ಆದ್ದರಿಂದ ಅವರ ದೊಡ್ಡ ಸಾಹೇಬರ ನಾಡಾದ ಮಾರ್ಡೋರಿನಲ್ಲಿ ಹಾಜರಿ ಪುಸ್ತಕವಿತ್ತು, ಗುಮಾಸ್ತರಿದ್ದರು, ಅವರ ಮೇಲೆ ಮುಖ್ಯ ಗುಮಾಸ್ತರಿದ್ದರು. ಓರ್ಕ್ ಹುಟ್ಟುತ್ತದೆಯೋ ಭರ್ತಿಯಾಗುತ್ತದೆಯೋ ಎಂಬ ಪ್ರಶ್ನೆಯನ್ನು ಹಿಂದಿನ ಯಾವ ಭಾಷ್ಯಕಾರರೂ ಕೇಳಿಲ್ಲವೆಂದು ವಿನಯಪೂರ್ವಕವಾಗಿ ನಿವೇದಿಸುತ್ತೇವೆ.

ಒಂದು ಗಂಟು ಬಾಕಿಯಿದೆ: ‘ದ ಹಾಬಿಟ್’ನ ಬೋಲ್ಗ್ ಎಂಬ ಓರ್ಕ್. ಅವನ ಅಪ್ಪ ಅಜೋಗನೆಂದು ಗೊತ್ತು, ಅಮ್ಮನ ಹೆಸರಿಲ್ಲ. ಓರ್ಕ್ ಹೆಂಗಸರು ಇದ್ದಿರಲೇಬೇಕೆಂದು ಟೋಲ್ಕೀನರು ಕಾಗದವೊಂದರಲ್ಲಿ ಒಪ್ಪಿದರೂ ಕಥೆಯೊಳಕ್ಕೆ ಒಬ್ಬಳನ್ನೂ ಕರೆಯಲಿಲ್ಲ. ಅಪ್ಪ ಸತ್ತದ್ದು ಮೂರನೆಯ ಯುಗದ 2799ರಲ್ಲಿ, ಮಗ ರಣರಂಗದಲ್ಲಿ ಬಿದ್ದದ್ದು 2941ರಲ್ಲಿ. ಕಡಿಮೆಯೆಂದರೂ ನೂರನಲವತ್ತರ ಮುದುಕ! ಎಲ್ಫ್ ರಕ್ತವಿಲ್ಲದೆ ಈ ಆಯುಸ್ಸು ಎಲ್ಲಿಂದ ಎಂದು ಎಲ್ಫ್‌ವಾದಿಗಳು ಕುಣಿದರು. ಮನುಷ್ಯವಾದಿಗಳು 210 ವರ್ಷ ಬಾಳಿದ ಅರಗಾರ್ನನೆಂಬ ಮನುಷ್ಯನನ್ನು ಎಳೆತಂದರು. ಪಶುವಾದಿಗಳು ಆಮೆಯನ್ನು ತೋರಿಸಿದರು. ಕೆಸರಿಗೆ ವಯಸ್ಸೇ ಆಗುವುದಿಲ್ಲವೆಂದರು ಕೆಸರುವಾದಿಗಳು.