ಗೃಹಸ್ಥ ಅಧ್ಯಾಪಕನ 2025ನೇ ವರ್ಷ: ಸ್ವರೂಪ, ವ್ಯಾಪ್ತಿ ಮತ್ತು ಮಿತಿಗಳು

1.0 ಪ್ರಸ್ತಾವನೆ

ವರ್ಷವೆಂಬುದು ಕಾಲದ ಒಂದು ಘಟಕವೆಂಬುದನ್ನು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ್ದಾರೆ. ಆದರೆ ಅದನ್ನು ಕಳೆಯುವ ಬಗೆಯ ಕುರಿತು ಕನ್ನಡದಲ್ಲಿ ಸಮಗ್ರವೂ ವ್ಯವಸ್ಥಿತವೂ ಆದ ಅಧ್ಯಯನ ಇದುವರೆಗೆ ನಡೆದಿಲ್ಲವೆಂಬುದನ್ನು ವಿಷಾದದಿಂದಲೇ ಗುರುತಿಸಬೇಕಾಗುತ್ತದೆ. ಈ ಕೊರತೆಯನ್ನು ನೀಗುವ ದಿಸೆಯಲ್ಲಿ ಪ್ರಸ್ತುತ ಪ್ರಬಂಧವು ಒಂದು ವಿನಮ್ರ ಪ್ರಯತ್ನವಾಗಿದೆ. (ವಿನಮ್ರ ಎಂದು ಬರೆಯದಿದ್ದರೆ ನಮ್ಮ ಮಾರ್ಗದರ್ಶಕರು ಸಹಿ ಹಾಕುತ್ತಿರಲಿಲ್ಲ. ಚಾಳಿ ಬಿಟ್ಟಿಲ್ಲ.)

ಪ್ರಬಂಧದ ತಕ್ಷಣದ ಪ್ರೇರಣೆ ಕಾಲೇಜಿನಲ್ಲಿ ಹಂಚಿದ ವಾರ್ಷಿಕ ಸ್ವಯಂ ಮೌಲ್ಯಮಾಪನ ನಮೂನೆ. ಅದರಲ್ಲಿ ಪಾಠಕ್ಕೆ ಇಷ್ಟು ಅಂಕ, ಸೆಮಿನಾರಿಗೆ ಇಷ್ಟು, ವಿಸ್ತರಣಾ ಚಟುವಟಿಕೆಗೆ ಇಷ್ಟು ಎಂದು ಮನೆ ಹಾಕಿದ್ದಾರೆ. ಗಿಡ ನೆಡುವ ಫೋಟೋಗೆ ಅಂಕವಿದೆ, ಆ ಗಿಡಕ್ಕೆ ಆಮೇಲೆ ನೀರು ಹಾಕಿದವರಿಗೆ ಇಲ್ಲ. ಹೀಗಾಗಿ ನಮೂನೆಯಲ್ಲಿ ಹಿಡಿಯದೆ ಉಳಿದ ವರ್ಷವನ್ನು ಇಲ್ಲಿ ದಾಖಲಿಸಲಾಗಿದೆ.

1.1 ಪ್ರಾಕ್ಕಲ್ಪನೆ

ಆಟ, ಕೆಲಸ, ಮನೆ ಎಂಬ ಮೂರು ನೆಲೆಗಳ ನಡುವೆ ಒಂದು ದ್ವಂದ್ವಾತ್ಮಕ, ಬಹುಮುಖಿ, ಸಂಕೀರ್ಣ ಅಂತಸ್ಸಂಬಂಧವಿದ್ದು, ಸದರಿ ಸಂಬಂಧವು ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಜಗಳದ ರೂಪದಲ್ಲಿ ಅಭಿವ್ಯಕ್ತಗೊಳ್ಳುತ್ತದೆ.

1.2 ಅಧ್ಯಯನದ ವ್ಯಾಪ್ತಿ

ತುಮಕೂರಿನ ಒಂದು ಬಾಡಿಗೆ ಮನೆ, ಒಂದು ಅನುದಾನಿತ ಕಾಲೇಜು ಮತ್ತು ಒಂದು ಟೀವಿ.

1.3 ಮಾಹಿತಿ ಸಂಗ್ರಹಣಾ ವಿಧಾನ

1.3.1 ಪ್ರಶ್ನಾವಳಿ

ಮಾಹಿತಿದಾತೆ–1 (ಪತ್ನಿ, ವಯಸ್ಸು ಹೇಳಲು ನಿರಾಕರಿಸಿದರು) ಅವರಿಗೆ ಮೂರು ಪುಟಗಳ ಪ್ರಶ್ನಾವಳಿಯನ್ನು ಒದಗಿಸಲಾಯಿತು. “ಏನ್ರೀ ಇದು, ಮನೇಲೂ ಪರೀಕ್ಷೆನಾ? ಮೊದ್ಲು ಮೋಟ್ರು ಆಫ್ ಮಾಡಿ, ಟ್ಯಾಂಕ್ ತುಂಬಿ ಹರೀತಿದೆ” ಎಂಬುದು ಅವರ ಪ್ರತಿಕ್ರಿಯೆ. ಪ್ರಶ್ನಾವಳಿಯು ಸದ್ಯ ಎಣ್ಣೆ ಡಬ್ಬಿಯ ಅಡಿಯಲ್ಲಿ ಆಕರ ಸಾಮಗ್ರಿಯಾಗಿ ಸಂರಕ್ಷಿತವಾಗಿದೆ.

1.3.1.1 ಸಂದರ್ಶನ

ಮಾಹಿತಿದಾತೆ–2 (ತಾಯಿ) ಅವರು ಉದ್ದಕ್ಕೂ ಉತ್ತರಿಸಿದರು. ಆದರೆ ಉತ್ತರಗಳೆಲ್ಲ 1984ನೇ ವರ್ಷಕ್ಕೆ ಸಂಬಂಧಿಸಿದ್ದವು.

2.0 ಕ್ರೀಡಾ ಸಂಕಥನ

ಕ್ರೀಡೆಯನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಕ) ನೋಟಾತ್ಮಕ ಕ್ರೀಡೆ, ಚ) ಅಂಗಾತ್ಮಕ ಕ್ರೀಡೆ, ಟ) ಸಾಂಸ್ಥಿಕ ಕ್ರೀಡೆ.

ಅಂಗಾತ್ಮಕ ಕ್ರೀಡೆಯನ್ನು ಬೇಗ ಮುಗಿಸೋಣ. ಅಮಾನಿಕೆರೆಯ ಸುತ್ತ ಬೆಳಗಿನ ನಡಿಗೆ ಆರಂಭವಾಯಿತು, ಮಂಡಿ ಆಕ್ಷೇಪಿಸಿತು, ನಿಂತಿತು.

ಸಾಂಸ್ಥಿಕ ಕ್ರೀಡೆಯೆಂದರೆ ಅಧ್ಯಾಪಕರ ಕ್ರೀಡಾಕೂಟ. ಇದೇ ವರ್ಷ ಮೇ ತಿಂಗಳಲ್ಲಿ ದೋಹಾದಲ್ಲಿ ನೀರಜ್ ಚೋಪ್ರಾ ಭರ್ಜಿಯನ್ನು 90.23 ಮೀಟರ್ ದೂರಕ್ಕೆಸೆದು, ಮೊದಲ ಬಾರಿಗೆ ತೊಂಬತ್ತರ ಗಡಿ ದಾಟಿದರು. ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ತಮ್ಮದೇ ಹೆಸರಿನ ಕೂಟದಲ್ಲಿ 86.18 ಮೀಟರ್ ಎಸೆದು ಗೆದ್ದರು. ತೌಲನಿಕವಾಗಿ ನೋಡಿದಾಗ, ನನ್ನ ಗುಂಡು ಎಸೆತದ ಸಂದರ್ಭದಲ್ಲಿ ಅಳತೆ ಟೇಪನ್ನು ಬಿಚ್ಚುವ ಅಗತ್ಯವೇ ಕಂಡುಬರಲಿಲ್ಲ. ಸಂಗೀತ ಕುರ್ಚಿಯಲ್ಲಿ ಪ್ರಾಂಶುಪಾಲರು ಗೆದ್ದರು. ಹಾಡು ನಿಲ್ಲಿಸುವ ಕೆಲಸ ಅತಿಥಿ ಉಪನ್ಯಾಸಕರ ಪಾಲಿಗೆ ಬಂದ ವರ್ಷಗಳಲ್ಲೆಲ್ಲ ಈ ಫಲಿತಾಂಶವೇ ಮರುಕಳಿಸಿರುವುದು ಮುಂದಿನ ಸಂಶೋಧಕರ ಗಮನಕ್ಕೆ ಅರ್ಹವಾಗಿದೆ.

ನೋಟಾತ್ಮಕ ಕ್ರೀಡೆಯ ಚರ್ಚೆಯನ್ನು 5.0ಕ್ಕೆ ಕಾಯ್ದಿರಿಸಲಾಗಿದೆ. ಕಾರಣ ಅಲ್ಲಿ ತಿಳಿಯುತ್ತದೆ.

3.0 ವೃತ್ತಿ ಸಂಕಥನ

ಉನ್ನತ ಶಿಕ್ಷಣದಲ್ಲಿ ಕಾಲವು ಚಕ್ರಾಕಾರವಾಗಿದೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಿನಲ್ಲಿ ನಾಲ್ಕು ವರ್ಷದ ಪದವಿ ಬಂತು. 2024ರಲ್ಲಿ ನಮ್ಮ ರಾಜ್ಯದಲ್ಲಿ ಅದು ಹೋಗಿ ಮತ್ತೆ ಮೂರು ವರ್ಷದ ಪದವಿ ಬಂತು. ಒಂದೇ ಸ್ಟಾಫ್ ರೂಮಿನಲ್ಲಿ ಎರಡು ಪಠ್ಯಕ್ರಮ, ಎರಡು ಬಗೆಯ ಪ್ರಶ್ನೆಪತ್ರಿಕೆ, ಒಂದೇ ಬೀರು. ಪ್ರತಿ ಪಠ್ಯಕ್ರಮಕ್ಕೂ ‘ಕಲಿಕಾ ಫಲ’ಗಳನ್ನು ಬರೆದುಕೊಡಬೇಕು. ಪಂಪನನ್ನು ಓದಿದ ವಿದ್ಯಾರ್ಥಿಯು ಏನನ್ನು ಮಾಡಲು ಶಕ್ತನಾಗುತ್ತಾನೆ ಎಂಬುದನ್ನು ಅಂಕಿಯಲ್ಲಿ ತೋರಿಸಬೇಕು. ನಾನು ಎರಡು ಎಂದು ತುಂಬಿದೆ. ಯಾರೂ ಏನು ಎರಡು ಎಂದು ಕೇಳಲಿಲ್ಲ.

ಇನ್ನು ವಿಚಾರ ಸಂಕಿರಣ. ಎರಡು ದಿನಗಳ ರಾಷ್ಟ್ರೀಯ ವಿಚಾರ ಸಂಕಿರಣವು ಉದ್ಘಾಟನೆ, ಉದ್ಘಾಟನೆಯ ತಡ, ಊಟ ಎಂಬ ಮೂರು ಗೋಷ್ಠಿಗಳನ್ನು ಒಳಗೊಂಡಿರುತ್ತದೆ. ದೀಪ ಹಚ್ಚಲು ಐದು ಜನ ಬೇಕು, ಬೆಂಕಿಪೊಟ್ಟಣ ಒಬ್ಬರ ಬಳಿಯೂ ಇರುವುದಿಲ್ಲ. ಪ್ರಬಂಧ ಮಂಡಿಸುವವರಿಗೆ ಐದು ನಿಮಿಷ, ಅವರನ್ನು ಪರಿಚಯಿಸುವವರಿಗೆ ಹತ್ತು, ಅಧ್ಯಕ್ಷರಿಗೆ ಉಳಿದ ಆಯುಷ್ಯ. ಶುಲ್ಕ ಕಟ್ಟಿದರೆ ಐಎಸ್‌ಬಿಎನ್ ಇರುವ ಸಂಪುಟದಲ್ಲಿ ಲೇಖನ ಅಚ್ಚಾಗುತ್ತದೆ, ಅದನ್ನು ಬರೆದವರೂ ಓದುವುದಿಲ್ಲ. ಇದಕ್ಕಿಂತ ಮೇಲಿನದಾಗಿದ್ದದ್ದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ‘ಕೇರ್’ ಎಂಬ ಮಾನ್ಯ ಪತ್ರಿಕೆಗಳ ಪಟ್ಟಿಯಲ್ಲಿದ್ದ ಪತ್ರಿಕೆ. ಆ ಪಟ್ಟಿಯೊಳಗಿನ ಪತ್ರಿಕೆಯಲ್ಲಿ ಒಂದು ಲೇಖನ ಬರಲೆಂದು ನಮ್ಮವರು ಹರಕೆ ಹೊತ್ತರು, ಸಾಲ ಮಾಡಿದರು. 2025ರ ಫೆಬ್ರುವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಹರಕೆ ತೀರಿಸಬೇಕೋ ಬೇಡವೋ ಎಂಬ ಬಗ್ಗೆ ಸುತ್ತೋಲೆ ಬಂದಿಲ್ಲ.

ಇದೆಲ್ಲ ನಗುವ ಸಂಗತಿ. ನಗಲಾಗದ ಒಂದಿದೆ. ಹಾಡು ನಿಲ್ಲಿಸುತ್ತಿದ್ದ ಆ ಅತಿಥಿ ಉಪನ್ಯಾಸಕರು ನನಗಿಂತ ಚೆನ್ನಾಗಿ ಹಳಗನ್ನಡ ಪಾಠ ಮಾಡುತ್ತಾರೆ. ಪಿಎಚ್‌ಡಿ ಮಾಡಿದ್ದಾರೆ. ಕೂದಲು ಬೆಳ್ಳಗಾಗುವಷ್ಟು ವರ್ಷಗಳಿಂದ ‘ಅತಿಥಿ’ಯಾಗಿದ್ದಾರೆ. ನಮ್ಮಲ್ಲಿ ಅತಿಥಿಗೆ ಊಟ ಹಾಕುತ್ತಾರೆ. ಇವರಿಗೆ ಗೌರವಧನ ತಿಂಗಳುಗಟ್ಟಲೆ ತಡವಾಗುತ್ತದೆ, ರಜೆಯಲ್ಲಿ ನಿಂತೇ ಹೋಗುತ್ತದೆ. ‘ಮಾನವಿಕಗಳಲ್ಲಿ ಘನತೆಯ ಪರಿಕಲ್ಪನೆ’ ಎಂಬ ಗೋಷ್ಠಿಯಲ್ಲಿ ಕುರ್ಚಿ ಜೋಡಿಸಿದವರು ಅವರೇ. ಇದಕ್ಕೆ ಅಡ್ಡಹೆಸರು, ಉಪಶೀರ್ಷಿಕೆ, ಸಂಕಥನ ಯಾವುದೂ ಬೇಕಾಗಿಲ್ಲ. ನಾಚಿಕೆಗೇಡು, ಅಷ್ಟೆ.

4.0 ಕೌಟುಂಬಿಕ ನೆಲೆ

ವರ್ಷದ ಮೊದಲ ತಿಂಗಳಲ್ಲೇ ದೇಶದ ಒಂದು ದೊಡ್ಡ ಕಂಪನಿಯ ಮುಖ್ಯಸ್ಥರು ವಾರಕ್ಕೆ ತೊಂಬತ್ತು ಗಂಟೆ ದುಡಿಯಬೇಕೆಂದೂ, ಮನೆಯಲ್ಲಿ ಕೂತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರೆಂದೂ ಕೇಳಿ ಕೌಟುಂಬಿಕ ಅಧ್ಯಯನಕ್ಕೆ ಹೊಸ ಆಯಾಮ ನೀಡಿದರು. ಈ ಪ್ರಮೇಯವನ್ನು ನಮ್ಮ ಮನೆಯಲ್ಲಿ ಪರೀಕ್ಷೆಗೆ ಒಡ್ಡಲಾಯಿತು. “ನೋಡೋಕೆ ನಾನು ಎಲ್ಲಿ ಕೂತಿರ್ತೀನಿ?” ಎಂದರು ಮಾಹಿತಿದಾತೆ–1. ಬೆಳಿಗ್ಗೆ ಡಬ್ಬಿ, ಅತ್ತೆಯ ಮಾತ್ರೆ, ತಮ್ಮ ಶಾಲೆಯ ಪಾಠ, ಸಂಜೆ ಗ್ಯಾಸಿನವನ ದಾರಿ ಕಾಯುವುದು, ಮತ್ತೆ ಸೆಪ್ಟೆಂಬರ್ ಕೊನೆಯಿಂದ ಜಾತಿ ಸಮೀಕ್ಷೆಯ ಡ್ಯೂಟಿ. ದಸರಾ ರಜೆಯೆಂಬುದು ಮೊಬೈಲ್ ಆ್ಯಪ್ ತೆರೆದುಕೊಳ್ಳಲಿ ಎಂದು ಊರವರ ಜಗಲಿಗಳ ಮೇಲೆ ಕಾಯುತ್ತ ಕಳೆಯಿತು. ತೊಂಬತ್ತು ಗಂಟೆಯ ಲೆಕ್ಕ ಹೇಳುವವರು ಮೊದಲು ಈ ಮನೆಯ ಲೆಕ್ಕ ಮುಗಿಸಲಿ.

4.1ರಿಂದ 4.6ರವರೆಗೆ ಬಂಧುತ್ವ ವ್ಯವಸ್ಥೆ, ಮದುವೆ ಮುಂಜಿಗಳಲ್ಲಿ ಮುಯ್ಯಿಯ ಅರ್ಥಶಾಸ್ತ್ರ, ಭಾವಮೈದುನನ ಸೈಟು ಮುಂತಾದವನ್ನು ಚರ್ಚಿಸುವ ಉದ್ದೇಶವಿತ್ತು. ಉತ್ಸಾಹವಿಲ್ಲ. ಬಿಟ್ಟಿದೆ.

5.0 ಮೂರೂ ನೆಲೆಗಳು ಕೂಡಿದ ದಿನ

ಜೂನ್ 3ರ ಮಂಗಳವಾರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ 190 ರನ್ ಹೊಡೆದು, ಪಂಜಾಬನ್ನು 184ಕ್ಕೆ ನಿಲ್ಲಿಸಿ, ಐಪಿಎಲ್ ಗೆದ್ದಿತು. 2009, 2011, 2016ರ ಫೈನಲ್‌ಗಳಲ್ಲಿ ಸೋತಿದ್ದ ತಂಡ ಹದಿನೆಂಟನೇ ವರ್ಷ ಗೆದ್ದಿತು. ಹೆಣ್ಣುಮಕ್ಕಳ ಆರ್‌ಸಿಬಿ ಹಿಂದಿನ ವರ್ಷವೇ ಕಪ್ ತಂದಿತ್ತು, ಆಗ ಇಷ್ಟು ಪಟಾಕಿ ಹೊಡೆಯಲಿಲ್ಲ ಎಂದು ಮಾಹಿತಿದಾತೆ–1 ದಾಖಲಿಸಿದ್ದಾರೆ. ಕೊನೆಯ ಓವರಿನಲ್ಲಿ ಕೊಹ್ಲಿ ಕಣ್ಣೊರೆಸಿಕೊಂಡಾಗ, ಕ್ರಿಕೆಟ್ಟಿನ ಗಂಧವಿಲ್ಲದ ಅಮ್ಮನೂ “ಪಾಪ, ಯಾಕಪ್ಪಾ ಅಳ್ತಿದೆ ಆ ಮಗು” ಎಂದು ಎದ್ದು ಕೂತರು. ಬೆಂಗಳೂರಿನ ಪಿಜಿಯಿಂದ ಮಗ ಫೋನ್ ಮಾಡಿ ಬರೀ ಕಿರುಚಿದ. ನಾನೂ ಕಿರುಚಿದೆ. ವರ್ಷವಿಡೀ ಅಪ್ಪ ಮಗ ಅಷ್ಟು ಚೆನ್ನಾಗಿ ಮಾತಾಡಿಕೊಂಡದ್ದು ಅದೊಂದೇ ಸಲ.

ಮರುದಿನ ಬುಧವಾರ. ವಿಜಯದ ಮೆರವಣಿಗೆಯಿದೆ, ಬನ್ನಿ ಎಂದು ಬೆಳಿಗ್ಗೆಯೇ ಕರೆ ಹೋಯಿತು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹಿಡಿಯುವುದು ಸುಮಾರು ಮೂವತ್ತೈದು ಸಾವಿರ ಜನ. ಬಂದವರು ಲಕ್ಷಗಟ್ಟಲೆ. ಸಂಜೆಯ ಹೊತ್ತಿಗೆ ಗೇಟುಗಳ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ಹೆಚ್ಚಿನವರು ಹರೆಯದವರು. ಅದೇ ಸಂಜೆ ವಿಧಾನಸೌಧದ ಮೆಟ್ಟಿಲ ಮೇಲೆ ಹಾರ, ಪೇಟ, ಸೆಲ್ಫಿ ನಡೆದವು. ಹೊರಗೆ ಸಾವಿನ ಸುದ್ದಿ ಹರಡಿದ ಮೇಲೂ ಕ್ರೀಡಾಂಗಣದ ಒಳಗೆ ಕಪ್ ಎತ್ತಿ ತೋರಿಸಿದರು.

ನಾನು ಆಗ ಕಾಲೇಜಿನ ಸಭೆಯೊಂದರಲ್ಲಿದ್ದೆ. ವಿಷಯ: ಸಂತಸದಾಯಕ ಕಲಿಕೆಯ ಮಾದರಿಗಳು. ಮಗನ ಫೋನ್ ಹೋಗುತ್ತಿರಲಿಲ್ಲ. ಮನೆಗೆ ಬಂದೆ. ಹೆಂಡತಿ ಮತ್ತೆ ಮತ್ತೆ ಮಾಡಿದಳು, ಹೋಗಲಿಲ್ಲ. ಟೀವಿಯಲ್ಲಿ ರಸ್ತೆ ತುಂಬ ಚಪ್ಪಲಿಗಳನ್ನು ತೋರಿಸುತ್ತಿದ್ದರು. ಅಮ್ಮ “ಅವನ ಚಪ್ಪಲಿ ಯಾವ ಬಣ್ಣದ್ದು?” ಎಂದು ಕೇಳಿದರು. ನಮಗೆ ಗೊತ್ತಿರಲಿಲ್ಲ. ಆಗಿನ ನಮ್ಮ ಮನೆಯನ್ನು ಯಾವ ಪರಿಕಲ್ಪನೆಯ ಅಡಿಯಲ್ಲಿ ತರಬೇಕೆಂದು ನನಗೆ ಈಗಲೂ ತಿಳಿಯದು. ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಮೆಟ್ರೊ ನಿಲ್ಲಿಸುತ್ತಿರಲಿಲ್ಲ. ಜನ ಕಂಡು ಹೆದರಿ ಹಿಂದೆ ಸರಿದ ಹುಡುಗ ಮೆಜೆಸ್ಟಿಕ್‌ವರೆಗೆ ನಡೆದು, ಯಾರದೋ ಫೋನಿನಿಂದ ಮಾಡಿದ. ನಮ್ಮವನು ಮಾಡಿದ. ಹನ್ನೊಂದು ಮನೆಗಳಲ್ಲಿ ಆ ಫೋನ್ ಬರಲಿಲ್ಲ.

ಅವರೂ ಹಿಂದಿನ ರಾತ್ರಿ ಕಿರುಚಿದವರೇ. ಹದಿನೇಳು ವರ್ಷ ಸೋತ ತಂಡದ ಜೊತೆ ನಿಂತವರಿಗೆ ಗೆದ್ದ ದಿನ ನಿಲ್ಲಲು ಜಾಗ ಕೊಡಲಾಗಲಿಲ್ಲ ಈ ನಾಡಿಗೆ. ಆಮೇಲಿನದು ಎಲ್ಲರಿಗೂ ಗೊತ್ತು. ಸರ್ಕಾರ ಪೊಲೀಸರ ಕಡೆ ನೋಡಿತು, ಕಮಿಷನರರನ್ನು ಅಮಾನತು ಮಾಡಿತು. ತಂಡ, ಕ್ರಿಕೆಟ್ ಸಂಸ್ಥೆ, ಕಾರ್ಯಕ್ರಮ ನಡೆಸಿದವರು ಒಬ್ಬರ ಕಡೆ ಇನ್ನೊಬ್ಬರು ನೋಡಿದರು. ಪರಿಹಾರ ಮೊದಲು ಹತ್ತು ಲಕ್ಷವಿದ್ದದ್ದು ಇಪ್ಪತ್ತೈದಾಯಿತು. ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಅವರ ಆಯೋಗ ವರದಿ ಕೊಟ್ಟಿತು. ಆಗಸ್ಟಿನಲ್ಲಿ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನಿಂದ ಎದ್ದು ಹೋದವು. ನವೆಂಬರ್ 2ರಂದು ಹರ್ಮನ್‌ಪ್ರೀತ್ ಕೌರ್ ಅವರ ತಂಡ ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ಕಪ್ ಎತ್ತಿದ್ದು ನವಿ ಮುಂಬೈಯಲ್ಲಿ. ನಾವು ಅದನ್ನು ಟೀವಿಯಲ್ಲಿ ನೋಡಿದೆವು. ಮಗ ಊರಿಗೆ ಬಂದಿದ್ದ. ಗೆದ್ದಾಗ ಯಾರೂ ಕಿರುಚಲಿಲ್ಲ, ಚಪ್ಪಾಳೆ ತಟ್ಟಿದೆವು.

6.0 ಫಲಿತಗಳು

ಈ ಭಾಗದಲ್ಲಿ ಕೋಷ್ಟಕವಿರಬೇಕು. ಇರುವುದಿಲ್ಲ.

ನಮ್ಮ ನಮೂನೆಯಲ್ಲಿ ‘ಕಾರ್ಯಕ್ರಮವನ್ನು ಹಮ್ಮಿಕೊಳ್ಳಲಾಯಿತು’, ‘ಯಶಸ್ವಿಯಾಗಿ ನೆರವೇರಿಸಲಾಯಿತು’ ಎಂದು ಬರೆದರೆ ಅಂಕ ಸಿಗುತ್ತದೆ, ಮಾಡಿದವರು ಯಾರೆಂದು ಯಾರೂ ಕೇಳುವುದಿಲ್ಲ. ‘ಅಹಿತಕರ ಘಟನೆ ಸಂಭವಿಸಿತು’ ಎಂಬುದೂ ಇದೇ ಕಾರ್ಖಾನೆಯ ಸರಕು. ಇಂಥ ವಾಕ್ಯಗಳನ್ನು ಬರೆದೇ ಬಡ್ತಿ ಪಡೆದವರ ಸಾಲಿನಲ್ಲಿ ನಾವು ಮೇಷ್ಟ್ರುಗಳೂ ಇದ್ದೇವೆ.

ಆದ್ದರಿಂದ ವರದಿ ಬರೆಯುವವರಲ್ಲಿ, ಮೊಕದ್ದಮೆ ನಡೆಸುವವರಲ್ಲಿ, ಕಡತಕ್ಕೆ ಸಹಿ ಹಾಕುವವರಲ್ಲಿ ಒಂದೇ ಬೇಡಿಕೆ. ಜೂನ್ 4ರಂದು ಜನರನ್ನು ಕರೆದವರು ಯಾರು, ಬೇಡವೆನ್ನಬೇಕಾಗಿದ್ದವರು ಯಾರು, ಗೇಟುಗಳ ಹೊಣೆ ಯಾರದಾಗಿತ್ತು ಎಂಬುದನ್ನು ಹೆಸರು ಹಿಡಿದು ಬರೆಯಿರಿ. ‘ಸಂಭವಿಸಿತು’ ಎಂಬುದನ್ನು ನಮ್ಮ ಸೆಮಿನಾರುಗಳಿಗೆ ಬಿಟ್ಟುಕೊಡಿ.