ಬದಲಿ ಕುಂತಾಂವ

ನಮ್ಮ ಹಿತ್ತಲಕ್ಕೂ ಕಾಕಾನ ಹಿತ್ತಲಕ್ಕೂ ನಡುವೆ ಇರುವುದು ಎದೆಮಟ್ಟದ ಒಂದು ಗ್ವಾಡಿ. ಆ ಕಡೆ ಎರಡು ಪಾವರಲೂಮಿನ ಖಟಖಟ, ಈ ಕಡೆ ನನ್ನ ಪೇಪರು. ಬನಹಟ್ಟಿಯಲ್ಲಿ ಹುಟ್ಟಿ ಬೆಳೆದವರಿಗೆ ಮಗ್ಗ ನಡೆದಿರುವಾಗ ಸಪ್ಪಳ ಕೇಳಿಸುವುದಿಲ್ಲ. ನಿಂತಾಗ ಮಾತ್ರ ಕಿವಿ ನಿಮಿರುತ್ತದೆ.

ಮೊನ್ನೆ ಐತವಾರ ಮುಂಜಾನೆ ಗ್ವಾಡಿಯ ಮೇಲೆ ಚಹಾದ ಕಪ್ಪು ಇಟ್ಟುಕೊಂಡು ನಿಂತಿದ್ದೆ. ಕಾಕಾನ ಮೊಮ್ಮಗ ನೌಕರಿ ಪರೀಕ್ಷೆಗೆ ಓದುತ್ತಿದ್ದಾನೆ. ಪುಸ್ತಕ ಹಿಡಿದು ಬಂದ.

“ಸರ್, ಬಿ.ಡಿ. ಜತ್ತಿ ಅವ್ರನ್ನ ರಾಷ್ಟ್ರಪತಿ ಅಂತ ಬರೀಬೇಕೋ, ಹಂಗಾಮಿ ರಾಷ್ಟ್ರಪತಿ ಅಂತ ಬರೀಬೇಕೋ?”

“ಹಂಗಾಮಿ. 1977ರ ಫೆಬ್ರುವರಿ 11ರಿಂದ ಜುಲೈ 25ರತನಕ” ಅಂದೆ. ಇಷ್ಟಕ್ಕೇ ಮುಗಿಯಬೇಕಿತ್ತು. ಒಳಗಿನಿಂದ ಕಂಡಿಕೆ ಕೈಯಲ್ಲಿ ಹಿಡಿದುಕೊಂಡೇ ಕಾಕಾ ಹೊರಗೆ ಬಂದ.

“ಯಾವ ಹಂಗಾಮಿ ರೀ ಮಾಸ್ತರ? ನಮ್ಮ ಜಮಖಂಡಿ ಮುನಸಿಪಾಲಟಿ ಅಧ್ಯಕ್ಷ ದಿಲ್ಲಿ ಗಾದಿ ಮ್ಯಾಲ ಕುಂತದ್ದು ಖರೇನೋ ಸುಳ್ಳೋ?”

ಖರೇನೇ. 1912ರಲ್ಲಿ ಸಾವಳಗಿಯಲ್ಲಿ ಹುಟ್ಟಿದ ಬಸಪ್ಪ ದಾನಪ್ಪ ಜತ್ತಿ ಕೊಲ್ಲಾಪುರದಲ್ಲಿ ವಕೀಲಿಕೆ ಓದಿ ಬಂದರು. 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯ, 1945ರಲ್ಲಿ ಅಧ್ಯಕ್ಷ. ಆಮೇಲೆ ಪಟವರ್ಧನ ಸಂಸ್ಥಾನದ ದಿವಾನ. 1948ರಲ್ಲಿ ಸಂಸ್ಥಾನ ವಿಲೀನ ಆಯಿತು. ಆ ಕಾಲದಲ್ಲಿ ದಿಲ್ಲಿಯ ದಾರಿ ಗಟಾರ-ಕಂದೀಲುಗಳ ನಡುವೆಯೇ ಹಾಯುತ್ತಿತ್ತು. ರಾಜಾಜಿ ಸೇಲಂ ಪುರಸಭೆ, ನೆಹರೂ ಅಲಹಾಬಾದು, ಪಟೇಲರು ಅಹಮದಾಬಾದು ನಡೆಸಿಯೇ ಮುಂದೆ ಹೋದವರು.

“ಅದಕ್ಕs ಹೇಳಿದ್ನಿ, ಗಟಾರ ನೋಡಿದಾಂವಗ ದೇಶ ನೋಡೂದು ಏನ ದೊಡ್ಡದು!” ಅಂದ ಕಾಕಾ.

“ಕಾಕಾ, ಅಧ್ಯಕ್ಷ ಇರೋತನಕ ಗಟಾರ ತುಂಬಿದ್ರ ಬೈಯಾವ್ರೂ ನೀವs, ಸತ್ತ ಮರುದಿನಾ ಸರ್ಕಲ್‌ದಾಗ ಫ್ಲೆಕ್ಸ್ ಕಟ್ಟಾವ್ರೂ ನೀವs. ಸತ್ತ ಎಮ್ಮಿ ಹಂಡೆ ಹಾಲ ಕೊಡತಿತ್ತಂತ.”

“ಜತ್ತಿ ಅವ್ರು ತೀರಿಕೊಂಡು ಇಪ್ಪತ್ತ ವರ್ಷದ ಮ್ಯಾಲ ಆತು. ಇನ್ನೂ ಫ್ಲೆಕ್ಸಿನ ಮಾತು ಯಾಕ?”

ಅದೂ ಖರೇನೇ. ಅವರು ತೀರಿಕೊಂಡದ್ದು 2002ರ ಜೂನ್ 7ಕ್ಕೆ. ಹೂವಿನ ಹಾರ ಒಣಗಿದ ಮೇಲೆ ಮಾತಾಡಿದರೆ ಮಾತಿಗೆ ತೂಕ ಇರುತ್ತದೆ ಎಂದುಕೊಂಡು ನಾನು ನನ್ನ ತಕರಾರು ತೆಗೆದೆ.

“1973ರಾಗ ಅವ್ರು ಒಡಿಶಾದ ರಾಜ್ಯಪಾಲರು. ನಂದಿನಿ ಸತ್ಪತಿ ಅವ್ರ ಸರಕಾರ ಬಿತ್ತು. ಬಿಜು ಪಟ್ನಾಯಕ್ ‘ನನ್ನ ಕಡೆ ಮಂದಿ ಅದಾರ, ಸರಕಾರ ನಾ ಮಾಡತೀನಿ’ ಅಂದ್ರು. ಕರೀಲಿಲ್ಲ. ರಾಷ್ಟ್ರಪತಿ ಆಡಳಿತ ತರ್ರಿ ಅಂತ ದಿಲ್ಲಿಗೆ ಬರದ್ರು. ಮುಂದ 1977ರ ಏಪ್ರಿಲ್‌ದಾಗ ಏನಾತು? ಮೊರಾರ್ಜಿ ಸರಕಾರ ಒಂಬತ್ತ ರಾಜ್ಯದ ವಿಧಾನಸಭೆ ವಿಸರ್ಜನಾ ಮಾಡ್ರಿ ಅಂತ ಕಾಗದ ಕಳಿಸ್ತು. ಆ ಒಂಬತ್ತರಾಗ ಒಡಿಶಾನೂ ಇತ್ತು. ಆವಾಗ ಸಹಿ ಹಾಕಲಿಕ್ಕೆ ಹಿಂದ ಮುಂದ ನೋಡಿದ್ರು. ಕಾಂಗ್ರೆಸ್ಸಿಗೆ ಬೇಕಾದಾಗ ಪೆನ್ನು ಓಡತದ, ಬ್ಯಾಡಾದಾಗ ನಿಂದರತದ. ಇದಕ್ಕೇನಂತೀರಿ?”

ಕಾಕಾ ಕಂಡಿಕೆಯನ್ನು ಗ್ವಾಡಿಯ ಮೇಲೆ ನಿಲ್ಲಿಸಿದ. ಅವನು ಕೈ ಖಾಲಿ ಮಾಡಿಕೊಂಡನೆಂದರೆ ವಾದ ಉದ್ದ ಆಗುತ್ತದೆ ಎಂದೇ ಅರ್ಥ.

“ಮಾಸ್ತರ, ನೀವು ಪುಸ್ತಕಾ ಓದೀರಿ, ಮಗ್ಗಾ ನೇಯ್ದಿಲ್ಲ. ನಾ ಜಡ್ಡು ಬಿದ್ದು ಮಲಗೀನಿ ಅಂತ ತಿಳೀರಿ. ನನ್ನ ಮಗ್ಗಕ್ಕ ಬದಲಿ ಒಬ್ಬಾಂವ ಬಂದು ಕುಂತ. ಅಂವ ಏನ ಮಾಡಬೇಕು?”

“ನೇಯಬೇಕು.”

“ನಮೂನಿ ಬದಲ ಮಾಡಬಹುದೇನು?”

“ಇಲ್ಲ.”

“ಹೌದಿಲ್ಲೋ? ದಡಿ ಬಣ್ಣಾ ಸೈತ ಮುಟ್ಟಬಾರದು. ಮಾಲಕ ಹೇಳಿದ ಸೀರಿನ ಮುಗಸಬೇಕು. ಆದ್ರ ಒಂದ ಮಾತೈತಿ. ಹೊಕ್ಕಿನ ಎಳಿ ಕಡದ್ರ ಪಾವರಲೂಮ ತಾನs ನಿಂದರತೈತಿ. ಹಾಸಿನ ಎಳಿ ಕಡದ್ರ ನಿಂದರಂಗಿಲ್ಲ, ಹಂಗs ಬಡಕೋತ ಹೊಕ್ಕೈತಿ. ಅದನ್ನ ಮನಶ್ಯಾನ ಕಣ್ಣs ನೋಡಬೇಕು. ಕಂಡ ಕೂಡ್ಲೆ ಕೈಲೆ ನಿಂದರಸಿ, ಗಂಟ ಹಾಕಿ, ಮತ್ತ ಚಾಲೂ ಮಾಡಬೇಕು. ಜತ್ತಿ ಅವ್ರು ಮಾಡಿದ್ದು ಅಷ್ಟs. ಒಂದ ದಿನಾ ನಿಂದರಸಿದ್ರು, ನೋಡಿದ್ರು, ಏಪ್ರಿಲ್ 30ಕ್ಕ ಸಹಿ ಹಾಕಿದ್ರು. ನಮೂನಿ ಏನ ಬದಲ ಮಾಡ್ಲಿಲ್ಲಲ್ಲ?”

ನಾನು ಬಾಯಿ ತೆರೆಯುವುದರೊಳಗೆ ಅವನೇ ಮುಂದುವರಿದ: “ಮೊರಾರ್ಜಿ ಅಂದ್ರ ಯಾರು? ಮುಂಬಯಿ ಸರಕಾರದಾಗ ಇವ್ರಿಗೆ ಸಾಹೇಬ್ರಾಗಿದ್ದಾವ್ರು. ಅವ್ರು ಮುಖ್ಯಮಂತ್ರಿ, ಇವ್ರು ಉಪಮಂತ್ರಿ. ಅದs ಸಾಹೇಬ್ರಿಗೆ 1977ರ ಮಾರ್ಚ್‌ದಾಗ ಪ್ರಧಾನಮಂತ್ರಿ ಪ್ರಮಾಣ ವಚನಾ ಬೋಧಿಸಿದ್ರು. ಹಳೇ ಸಾಹೇಬ್ರ ಕಾಗದ ಬಂದ್ರ ಎಷ್ಟ ಮಂದಿ ‘ಒಂದೀಟ ತಡೀರಿ’ ಅಂತಾರ? ಹೇಳ್ರಿ ನೋಡೂಣು!”

ಅಷ್ಟರಲ್ಲಿ ಕಾಕು ರೊಟ್ಟಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಇವಳು ಬಂದರೆ ನಮ್ಮಿಬ್ಬರದೂ ಕೆಲಸ ಮುಗಿದಂತೆ.

“ನಿಮ್ಮ ಒಂದ ದಿನದ್ದು ಸುಡಗಾಡಿಗೆ ಹಾಕ್ರಿ. ನಮ್ಮಪ್ಪ ಲಾವಣಿ ಹೊಲಾ ಮಾಡತಿದ್ದ. ಈ ಜತ್ತಿ ಸಾಹೇಬ್ರು ಮುಖ್ಯಮಂತ್ರಿ ಇದ್ದಾಗ ಒಂದ ಕಾಯ್ದೆ ಬಂತು. ಕಾಯ್ದೆ ಬರತೈತಿ ಅನ್ನೂ ಸುದ್ದಿ ಮದ್ಲ ಧಣಿ ಕಿವಿಗೆ ಬಿತ್ತು. ಅಂವ ಹೊಲಾ ಬಿಡಿಸಿಕೊಂಡಾ. ನಮ್ಮಪ್ಪಗ ಕಾಯ್ದೆನೂ ಸಿಗಲಿಲ್ಲ, ಹೊಲಾನೂ ಸಿಗಲಿಲ್ಲ.”

ಜತ್ತಿಯವರು 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ. ಅದಕ್ಕೂ ಮೊದಲೇ ಗೇಣಿ ಮತ್ತು ಭೂ ಕಾನೂನುಗಳ ಸಮಿತಿ ಅವರ ಹೆಸರಿನಲ್ಲೇ ಆಗಿತ್ತು. ಭೂ ಸುಧಾರಣಾ ಕಾಯ್ದೆ 1961ರದು. ಜಾರಿಗೆ ಬಂದದ್ದು 1965ರಲ್ಲಿ. ಸ್ವಂತ ಸಾಗುವಳಿಗೆ ಬೇಕು ಎಂದು ಧಣಿ ಹೊಲ ಹಿಂದಕ್ಕೆ ಪಡೆಯಲು ಅದರಲ್ಲಿ ಸಂದಿ ಇತ್ತು. ಆ ಸಂದಿ ಮುಚ್ಚಿದ್ದು 1974ರಲ್ಲಿ, ದೇವರಾಜ ಅರಸರ ತಿದ್ದುಪಡಿಯಿಂದ. ಆದ್ದರಿಂದಲೇ ಉಳುವವನೇ ಒಡೆಯ ಎಂದ ಕೂಡಲೇ ಜನರ ಬಾಯಲ್ಲಿ ಅರಸರ ಹೆಸರು ಬರುತ್ತದೆ, ಜತ್ತಿಯವರದು ಬರುವುದಿಲ್ಲ. ಅಡಿಪಾಯ ಹಾಕಿದವನನ್ನು ಯಾರು ನೆನೆಯುತ್ತಾರೆ, ಗೃಹಪ್ರವೇಶಕ್ಕೆ ಊಟ ಹಾಕಿದವನನ್ನೇ ನೆನೆಯುವುದು. ಈ ಮಾತು ಕಾಕುವಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಅಡಿಪಾಯದ ಕೆಳಗೆ ಸಿಕ್ಕಿದ್ದು ಅವಳ ಅಪ್ಪನ ಹೊಲ.

“ಹಂಗಾದ್ರ ನಿಂದೇನು, ಫೇಲ್ ಅಂತೀಯೇನು?” ಕಾಕಾ ಕೇಳಿದ.

“ಫೇಲ್ ಯಾಕ ಮಾಡ್ಲಿ? ಬಸವ ಸಮಿತಿ ಕಟ್ಟಿದ್ದು ಅವ್ರs ಅಲ್ಲೇನು?”

“ಹೌದು ಕಾಕು, 1964ರಾಗ, ಬೆಂಗಳೂರಾಗ” ಎಂದೆ.

“ಮತ್ತ! ದೊಡ್ಡ ಕುರ್ಚಿ ಮ್ಯಾಲ ಕುಂತ್ರೂ ಬಸವಣ್ಣನ್ನ ಬಿಡಲಿಲ್ಲ. ಹೊಲದ ಲೆಕ್ಕಕ್ಕ ಅರ್ಧಾ ಮಾರ್ಕು, ಬಸವಣ್ಣನ ಲೆಕ್ಕಕ್ಕ ಪೂರಾ ಮಾರ್ಕು. ಕೂಡಿಸಿ ನೀವs ನೋಡಕೋರಿ.”

ಕಾಕಾ ನಕ್ಕ. “ಇದಕ್ಕಿಂತ ಬ್ಯಾರೇಜ್ ಸಿದ್ದುನ ಹಣೇಬಾರ ಚಲೋ ನೋಡ್ರಿ ಮಾಸ್ತರ.”

ಸಿದ್ದು ನ್ಯಾಮಗೌಡರ ಹೆಸರು ಬಂದರೆ ನಮ್ಮ ಕಡೆ ಮೊದಲು ನೀರಿನ ಮಾತು, ಆಮೇಲೆ ಮತದ ಮಾತು. 1989ರಲ್ಲಿ ರೈತರ ವಂತಿಗೆ, ರೈತರ ಬೆವರಿನಿಂದ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದರ ಹೆಸರೇ ಶ್ರಮಬಿಂದು ಸಾಗರ. 1991ರಲ್ಲಿ ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿ ಲೋಕಸಭೆಗೆ ಹೋದರು. 2018ರ ಮೇ ತಿಂಗಳಲ್ಲಿ ತುಳಸಿಗೇರಿ ಹತ್ತಿರ ಕಾರಿನ ಅಪಘಾತದಲ್ಲಿ ಹೋಗಿಬಿಟ್ಟರು.

“ಅವ್ರ ಪಕ್ಷಕ್ಕ ಓಟ ಹಾಕಲಾರ್ದಾವ್ರೂ ಬ್ಯಾರೇಜಿಗೆ ಕೈ ಮುಗೀತಾರ” ಅಂದ ಕಾಕಾ. “ಕಲ್ಲು, ನೀರು ಕಣ್ಣಿಗೆ ಕಾಣತಾವ. ಜತ್ತಿ ಸಾಹೇಬ್ರು ಬಿಟ್ಟ ಹೋಗಿದ್ದೆಲ್ಲಾ ಸಹಿ. ಕಾಗದದ ಮ್ಯಾಲಿನ ಸಹಿ ಯಾರ ಮನೀಗೆ ಹಾಲಾತು, ಯಾರ ಮನೀಗೆ ವಿಷ ಆತು, ಅದನ್ನ ಅವರವರs ಹೇಳಬೇಕು. ಇಕಿ ಮನೀಗೆ ಒಂದು, ನಿಮ್ಮ ಪುಸ್ತಕಕ್ಕ ಒಂದು, ನನ್ನ ಮಗ್ಗಕ್ಕ ಒಂದು.”

ಮೊಮ್ಮಗನಿಗೆ ತಾಳ್ಮೆ ತಪ್ಪಿತು. “ಅಜ್ಜಾ, ಪರೀಕ್ಷಾದಾಗ ಮಗ್ಗ, ಹೊಲಾ ಬರೀಲಿಕ್ಕೆ ಜಾಗಾ ಇರಂಗಿಲ್ಲ. ನಾಲ್ಕ ಗೋಲ ಇರತಾವ, ಒಂದ ಕರೇ ಮಾಡಬೇಕು. ರಾಷ್ಟ್ರಪತಿನೋ ಹಂಗಾಮಿನೋ, ಒಂದ ಹೇಳಿಬಿಡ್ರಿ.”

ಆಗಲೇ ಒಳಗಿನ ಮಗ್ಗವೊಂದು ನಿಂತಿತು. ಎಲ್ಲರೂ ಒಟ್ಟಿಗೆ ಆ ಕಡೆ ತಿರುಗಿದೆವು. ಹೊಕ್ಕು ಕಡಿದಿತ್ತು, ಇಲ್ಲವೇ ಲಾಳಿಯಲ್ಲಿನ ಕಂಡಿಕೆ ತೀರಿತ್ತು. ಕಾಕಾ ಗ್ವಾಡಿಯ ಮೇಲಿನ ಕಂಡಿಕೆ ಎತ್ತಿಕೊಂಡು, ಹೋಗುತ್ತ ಹೋಗುತ್ತ ತಿರುಗಿ ನೋಡಿದ.

“ತಮ್ಮಾ, ಮಾಸ್ತರು ಹೇಳಿದ್ದs ಖರೇ ಇರಬೇಕು. ಆದ್ರೂ ಒಂದ ದಿನಾ ಟೈಮ ಕೊಡು. ನಾಳಿಗೆ ಸಹಿ ಹಾಕತೀನಿ.”