ಶೇಂಗಾದ ಮೇಲೆ ಗುಮಾನಿ

ಮಾರಿ ನೋಡಿ ಮೊನ್ನೆಯ ಊಟ ಹೇಳುವವರು ವಿಜಯಪುರದ ಗಾಂಧಿ ಚೌಕದಿಂದ ಹಿಡಿದು ತಿಕೋಟಾ, ಬಬಲೇಶ್ವರದ ಬಸ್ ನಿಲ್ದಾಣಗಳವರೆಗೂ ಸಿಗುತ್ತಾರೆ. ಓಣಿಗೊಬ್ಬರಾದರೂ ಇದ್ದೇ ಇರುತ್ತಾರೆ. ಮದುವೆ ಮನೆಯಲ್ಲಾದರೆ ಪಂಕ್ತಿಗೊಬ್ಬರು. ಅನುಕೂಲಕ್ಕೆ ಮೊಡವಿ ಕಾಕಾ ಎನ್ನೋಣ. ಕಾಕೂ ಆಗಿರಬಹುದು, ಈ ವಿದ್ಯೆಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಹದಿನಾರರ ಹುಡುಗಿಯ ಗಲ್ಲದ ಮೇಲೆ ಸಾಸಿವೆಯಷ್ಟು ಕೆಂಪು ಕಂಡರೆ ಕ್ಷೇಮಸಮಾಚಾರ ಹಿಂದಕ್ಕೆ ಸರಿಯುತ್ತದೆ. ‘ತಂಗಿ, ಶೇಂಗಾ ತಿಂದಿ ಹೌದಿಲ್ಲೊ?’ ಇಲ್ಲವೆಂದರೆ, ‘ಹಂಗಾರ ಮಾವಿನಹಣ್ಣು.’ ಅದೂ ಇಲ್ಲ. ‘ಬದನಿಕಾಯಿ?’ ಈ ಸೀಮೆಯಲ್ಲಿ ಎಣ್ಣೆಗಾಯಿ ಉಣ್ಣದೆ ವಾರ ಕಳೆದವರು ಯಾರು! ಹುಡುಗಿ ಸುಮ್ಮನಾಗುತ್ತಾಳೆ. ‘ಹೇಳಲಿಲ್ಲೇನು, ಉಷ್ಣ ಆಗೈತಿ.’ ಅಲ್ಲಿಗೆ ತನಿಖೆ, ವಾದ, ತೀರ್ಪು ಮೂರೂ ಮುಗಿದವು. ತಟ್ಟೆಯಿಂದ ಶೇಂಗಾ ಚಟ್ನಿ ಗಡೀಪಾರು.

ಕಾಕಾನ ತನಿಖೆಯಲ್ಲಿ ದೊಡ್ಡ ತಪ್ಪು ನಡೆಯುವುದು ದಿನದ ಲೆಕ್ಕದಲ್ಲಿ. ಮೊಡವೆ ರಾತ್ರೋರಾತ್ರಿ ಏಳುವ ಅಣಬೆಯಲ್ಲ. ಚರ್ಮದ ಕೆಳಗಿನ ತೈಲಗ್ರಂಥಿ ಜಿಡ್ಡು ಹೆಚ್ಚು ಸುರಿಸಬೇಕು, ಸತ್ತ ಜೀವಕೋಶಗಳು ರೋಮರಂಧ್ರದ ಬಾಯಿ ಮುಚ್ಚಬೇಕು, ಒಳಗೆ ಬ್ಯಾಕ್ಟೀರಿಯಾ ಬೆಳೆದು ಬಾವು ಬರಬೇಕು. ಕಣ್ಣಿಗೆ ಕಾಣುವ ಹೊತ್ತಿಗೆ ಸಾಮಾನ್ಯವಾಗಿ ವಾರಗಳೇ ಕಳೆದಿರುತ್ತವೆ. ಸಿದ್ಧೇಶ್ವರ ಜಾತ್ರೆಯ ಸಂಕ್ರಾಂತಿಯಲ್ಲಿ ಶೇಂಗಾ ಹೋಳಿಗೆ ತಿಂದು ಮರುದಿನ ಎದ್ದ ಗುಳ್ಳೆಯ ಬೀಜ ಬಹುತೇಕ ಡಿಸೆಂಬರಿನಲ್ಲೇ ಬಿದ್ದಿರುತ್ತದೆ. ಹೋಳಿಗೆ ಆ ಮನೆಗೆ ಬಂದದ್ದೇ ಕಳವು ಆದಮೇಲೆ. ಅದೂ ಅಲ್ಲದೆ ಶೇಂಗಾ ಹಿಂಡಿ ಇಲ್ಲದ ಅಡುಗೆಮನೆ ಈ ಮೂರೂ ಊರುಗಳಲ್ಲಿ ಹುಡುಕಿದರೂ ಅಪರೂಪ. ನುಣುಪು ಮಾರಿಯವರೂ ದಿನಾ ಅದನ್ನೇ ಉಣ್ಣುತ್ತಾರೆ, ಅವರನ್ನು ಮಾತ್ರ ಕಾಕಾ ಯಾವತ್ತೂ ವಿಚಾರಿಸುವುದಿಲ್ಲ. ತಿಕೋಟಾದ ಒಣದ್ರಾಕ್ಷಿಗೂ ಇದೇ ಗತಿ. ಶೆಡ್ಡುಗಳಲ್ಲಿ ಹೊಸ ದ್ರಾಕ್ಷಿ ಒಣಗುವುದೂ, ಪರೀಕ್ಷೆಯ ನಿದ್ದೆಗೇಡೂ, ಬೆವರು ಕೀಳುವ ಬಿಸಿಲೂ ಒಟ್ಟಿಗೇ ಬರುತ್ತವೆ. ಮೂವರು ಜೊತೆಗೆ ಬಂದರೂ ಕೊರಳಪಟ್ಟಿಗೆ ಕೈ ಬೀಳುವುದು ದ್ರಾಕ್ಷಿಗೇ.

ಕಾಕಾನ ಬಳಿ ಒಂದು ಬಲವಾದ ಉತ್ತರವಿದೆ: ‘ನಮ್ಮ ಅಣ್ಣನ ಮಗ ಶೇಂಗಾ ಬಿಟ್ಟ, ಹದಿನೈದು ದಿನದಾಗ ಮಾರಿ ತಿಳಿ ಆತು.’ ಆಗಿರಬಹುದು. ಆದರೆ ಸಣ್ಣ ಗುಳ್ಳೆಗಳು ಎಷ್ಟೋ ಸಲ ವಾರ, ಎರಡು ವಾರದಲ್ಲಿ ತಾವಾಗಿಯೇ ಇಳಿಯುತ್ತವೆ. ಜನ ಪಥ್ಯ ಹಿಡಿಯುವುದು ಮಾರಿ ತೀರಾ ಕೆಟ್ಟಾಗ, ಅಂದರೆ ಮುಂದಿನ ದಾರಿ ಇಳಿಜಾರೇ ಇರುವಾಗ. ಆ ಹೊತ್ತಿಗೆ ಹುಡುಗ ಶೇಂಗಾದ ಬದಲು ಸೈಕಲ್ಲು ಬಿಟ್ಟಿದ್ದರೂ ಗುಳ್ಳೆ ಇಳಿಯುತ್ತಿತ್ತು, ಸೈಕಲ್ಲೂ ಉಷ್ಣವಾಗುತ್ತಿತ್ತು.

ಹಾಗಾದರೆ ಊಟಕ್ಕೂ ಮೊಡವೆಗೂ ನಂಟೇ ಇಲ್ಲವೆ? ಬಹುಕಾಲ ವೈದ್ಯರೇ ಇಲ್ಲವೆಂದು ಹೇಳಿದರು. ಅದಕ್ಕೆ ಆಧಾರವಾದದ್ದು 1969ರ ಅಮೆರಿಕದ ಒಂದು ಪ್ರಯೋಗ. 65 ಜನರಿಗೆ ನಾಲ್ಕು ವಾರ ಚಾಕಲೇಟ್ ಬಾರ್, ಇನ್ನು ನಾಲ್ಕು ವಾರ ಚಾಕಲೇಟಿಲ್ಲದ ಬಾರ್ ತಿನ್ನಿಸಿದರು, ವ್ಯತ್ಯಾಸ ಕಾಣಲಿಲ್ಲ. ಎರಡನೆಯ ಬಾರಿನಲ್ಲೂ ಸಕ್ಕರೆ, ಕೊಬ್ಬು ಹೆಚ್ಚುಕಮ್ಮಿ ಅಷ್ಟೇ ಇದ್ದವು! ಇದರಿಂದ ಚಾಕಲೇಟಿಗೆ ಖುಲಾಸೆ ಸಿಕ್ಕಿರಬಹುದು, ಸಕ್ಕರೆಗಂತೂ ಅಲ್ಲ. ಕಾಕಾನ ತೀರ್ಪಿನಷ್ಟೇ ಅವಸರದ ತೀರ್ಪು ಇದು, ಕೋಟು ಮಾತ್ರ ಬಿಳಿಯದು. 2007ರಲ್ಲಿ ಆಸ್ಟ್ರೇಲಿಯಾದವರು 15ರಿಂದ 25 ವಯಸ್ಸಿನ 43 ಹುಡುಗರನ್ನು 12 ವಾರ ಗಮನಿಸಿದರು. ರಕ್ತದಲ್ಲಿ ಸಕ್ಕರೆಯನ್ನು ಥಟ್ಟನೆ ಏರಿಸದ ಊಟ ಉಂಡವರಲ್ಲಿ ಮೊಡವೆ ಉಳಿದವರಿಗಿಂತ ಹೆಚ್ಚು ಇಳಿಯಿತು. ಸಕ್ಕರೆ ಏರಿದರೆ ಇನ್ಸುಲಿನ್ ಏರುತ್ತದೆ, ಅದರ ಹಿಂದೆಯೇ ತೈಲಗ್ರಂಥಿಗೂ ಹುರುಪು ಬರುತ್ತದೆ ಎಂಬುದು ಇದರ ಹಿಂದಿನ ತರ್ಕ. ಆ ಹುಡುಗರ ತೂಕವೂ ಇಳಿದಿತ್ತು, ಹಾಗಾಗಿ ಶ್ರೇಯಸ್ಸೆಲ್ಲ ಊಟದ್ದೇ ಎನ್ನುವಂತಿಲ್ಲ. ಹಾಲಿನ ಮೇಲಿನ ದೂರು ಇನ್ನೂ ತೆಳು. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ 47,355 ನರ್ಸುಗಳು ತಾವು ಹೈಸ್ಕೂಲಿನಲ್ಲಿ ಕುಡಿದ ಹಾಲನ್ನು ದೊಡ್ಡವರಾದ ಮೇಲೆ ನೆನಪಿಸಿಕೊಂಡು ಬರೆದಿದ್ದರು. ನಿನ್ನೆಯ ಪಲ್ಯವೇ ನಮಗೆ ನೆನಪಿರುವುದಿಲ್ಲ.

ಈ ಪುರಾವೆಗಳನ್ನು ನಮ್ಮ ಅಂಗಳಕ್ಕೆ ತಂದರೆ ಕಾಕಾನಿಗೇ ಇಕ್ಕಟ್ಟು. ರಕ್ತದಲ್ಲಿ ಸಕ್ಕರೆಯನ್ನು ತೀರ ಕಡಿಮೆ ಏರಿಸುವ ತಿನಿಸುಗಳ ಸಾಲಿನಲ್ಲಿ ಶೇಂಗಾ ಮೊದಲ ಬೆಂಚಿನಲ್ಲೇ ಕೂರುತ್ತದೆ. ಹೋಳಿಗೆಯ ವಿಷಯ ಬೇರೆ, ಅಲ್ಲಿ ಬೆಲ್ಲದ ಸಹವಾಸವಿದೆ. ಕಾಳುಪಲ್ಯ, ಹಸಿ ಸೌತೆ ಜೊತೆಗೂಡಿದ ಜೋಳದ ರೊಟ್ಟಿಯೂ ಮೈದಾ ಬನ್ನಿನಷ್ಟು ಅವಸರದ್ದಲ್ಲ. ನಿಜವಾಗಿ ವಿಚಾರಣೆಗೆ ಕರೆಯಬೇಕಾದದ್ದು ದಿನಕ್ಕೆ ಐದಾರು ಸಲ ಬರುವ ಸಕ್ಕರೆ ಚಹಾ, ಅದರಲ್ಲಿ ಮುಳುಗುವ ಟೋಸ್ಟು, ಬಾಟಲಿಯ ತಂಪು ಪಾನೀಯ. ಕೊನೆಯದಕ್ಕಂತೂ ಹೆಸರಿನಲ್ಲೇ ತಂಪು ಇರುವುದರಿಂದ ಕಾಕಾನ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನು. ಉಷ್ಣದ ಪಟ್ಟಿ ಹಾಗೆಯೇ ಅಲ್ಲವೆ: ಹುಡುಗರು ಇಷ್ಟಪಡುವುದೆಲ್ಲ ಆರೋಪಿ, ತಾನು ಬಿಡಲಾರದ್ದೆಲ್ಲ ಸಾಕ್ಷಿ.

‘ಹಿರೇರು ಸುಳ್ಳ ಹೇಳ್ಯಾರೇನು, ಒಂದೆರಡು ಪದಾರ್ಥ ಬಿಟ್ರ ಏನ್ ಲುಕ್ಸಾನು?’ ಎಂಬುದು ಉಳಿದ ಆಕ್ಷೇಪ. ಊಟ ಮೈಮೇಲೆ ಕಾಣುತ್ತದೆಂಬ ಹಿರಿಯರ ಊಹೆಯನ್ನು ತಳ್ಳಿಹಾಕಬೇಕಿಲ್ಲ. ಲುಕ್ಸಾನು ಮಾತ್ರ ಇದೆ. ಬೆಳೆಯುವ ಹುಡುಗಿಯ ತಟ್ಟೆಯಿಂದ ಅಗ್ಗದ ಪೌಷ್ಟಿಕ ಕಾಳು ಹೋಗುತ್ತದೆ, ಬದಲಿಗೆ ಸಿಗುವುದು ‘ನಿನ್ನ ಬಾಯಿಚಪಲಕ್ಕ ಹಿಂಗಾತು’ ಎಂಬ ಮಾತು. ಹರೆಯದ ಹಾರ್ಮೋನು, ಅಪ್ಪ ಅವ್ವನಿಂದ ಬಂದ ಚರ್ಮದ ಗುಣ ಇವೆಲ್ಲ ಅವಳ ಕೈಯಲ್ಲಿಲ್ಲ. ಕಲೆ ಬೀಳುವ ಗಟ್ಟಿ ಗುಳ್ಳೆಗಳಿಗೆ ಚರ್ಮವೈದ್ಯರ ಔಷಧ ಬೇಕು. ಅನುಮಾನ ತೀರಲೇಬೇಕೆಂದರೆ ಒಂದು ಸಲಕ್ಕೆ ಒಂದೇ ಪದಾರ್ಥ ಬಿಡಬೇಕು, ಅದೂ ಮೂರು ತಿಂಗಳು, ಸಾಬೂನು ಕ್ರೀಮು ಬದಲಿಸದೆ. ವಾರಕ್ಕೊಮ್ಮೆ ಗುಳ್ಳೆ ಎಣಿಸಿ ಬರೆದಿಟ್ಟು, ಆಮೇಲೆ ಅದೇ ಪದಾರ್ಥವನ್ನು ಮತ್ತೆ ತಿಂದು ನೋಡಬೇಕು. ಮೊದಲ ಸರದಿ ಚಹಾದ ಸಕ್ಕರೆಯದೇ ಆಗಲಿ ಎಂದರೆ ಕಾಕಾ ಮಾತು ಬದಲಿಸುತ್ತಾನೆ. ಟೋಸ್ಟನ್ನು ಬಸಿಯಲ್ಲಿ ಅದ್ದಿ, ಕಪ್ಪು ಇಟ್ಟುಹೋಗಲು ಬಂದ ಹುಡುಗನ ಹಣೆಯನ್ನು ಕಣ್ಣು ಕಿರಿದು ಮಾಡಿ ನೋಡುತ್ತಾನೆ. ‘ತಮ್ಮಾ, ಶೇಂಗಾ ಭಾಳ ತಿಂತೀಯೇನ?’